ಯಾವ ಕೈಗೆ ಸಾಣೆ

ನನ್ನದು ಮೂಗು ತೂರಿಸುವ ಸ್ವಭಾವ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಹುಕ್ಕೇರಿಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಬ್ಲೌಸ್ ಹೊಲಿಸಲು ಬಂದವರ ಅಳತೆ ತೆಗೆದುಕೊಳ್ಳುವಷ್ಟರಲ್ಲಿ ಅವರ ಮನೆಯ ಅರ್ಧ ಸುದ್ದಿ ತಾನಾಗಿ ನನ್ನ ಕಿವಿಗೆ ಬಿದ್ದಿರುತ್ತದೆ, ಉಳಿದರ್ಧವನ್ನು ನಾನೇ ಕೆದಕಿ ತೆಗೆಯುತ್ತೇನೆ. ಅಂಥವಳು ಐವತ್ತು ದಾಟುವ ತನಕ ನಮ್ಮ ತವರುಮನೆಯ ಒಂದು ಚಾಕುವಿನ ಬಗ್ಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಚಾಕು ಅಂದರೆ ಮಡಚಿ ಕಿಸೆಯಲ್ಲಿ ಇಟ್ಟುಕೊಳ್ಳುವಂಥದ್ದು. ಕೋಣದ ಕೋಡಿನ ಹಿಡಿ, ಎರಡು ಹಿತ್ತಾಳೆ ಮೊಳೆ, ಹಿಡಿಯ ತುದಿಗೆ ಒಂದು ತೂತು, ಆ ತೂತಿಗೆ ಕರಿ ಉಣ್ಣೆಯ ದಾರ. ಅಲಗು ಮೊದಲು ಎರಡು ಬೆರಳು ಅಗಲ ಇತ್ತಂತೆ. ನಾನು ನೋಡುವ ಹೊತ್ತಿಗೆ ತಿಕ್ಕಿ ತಿಕ್ಕಿ ಕಿರುಬೆರಳಿನಷ್ಟು ಉಳಿದಿತ್ತು. ನಮ್ಮದು ಕುಲಗೋಡದ ಕುರುಬರ ಮನೆತನ. ಈಗ ಕಬ್ಬು, ಜೋಳ ಬೆಳೆಯುತ್ತೇವೆ. ಅಪ್ಪನ ಹಟಕ್ಕೆ ನಾಲ್ಕೈದು ಕುರಿ ಉಳಿದಿವೆ. ಆದರೆ ನಮ್ಮ ಮುತ್ಯಾನ ಕಾಲದಲ್ಲಿ, ಅಂದರೆ ಅಪ್ಪನ ಅಪ್ಪನ ಕಾಲದಲ್ಲಿ, ಹಿಂಡು ದೊಡ್ಡದಿತ್ತು. ಈ ಚಾಕು ಮುತ್ಯಾನದು.

ಅದರ ಮುಖ್ಯ ಕೆಲಸ ಮರಿಗಳ ಕಿವಿಗೆ ಗುರುತು ಹಾಕುವುದು. ಮೇವಿನ ಮಾಳದಲ್ಲಿ ಹಿಂಡುಗಳು ಬೆರೆತಾಗ ಯಾರ ಕುರಿ ಯಾವುದು ಎಂದು ತಿಳಿಯಲು ಒಂದೊಂದು ಮನೆಗೆ ಒಂದೊಂದು ಗುರುತು. ನಮ್ಮ ಮನೆಯದು ಬಲಗಿವಿಯ ಕೆಳಗಿನ ಅಂಚಿಗೆ ಓರೆಯಾಗಿ ಎರಡು ಕಚ್ಚು. ಅದನ್ನು ಹಾಕುವುದರಲ್ಲಿ ಮುತ್ಯಾ ಸುತ್ತ ಹತ್ತು ಊರಿಗೆ ಹೆಸರಾದವನು. ಮರಿ ಅರಚಬೇಕು ಅನ್ನುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು, ಗಾಯ ಕೀವು ಕಟ್ಟುತ್ತಿರಲಿಲ್ಲ. ಕಲ್ಲೋಳಿಯಿಂದ, ಅತ್ತ ಹಿಡಕಲ್ ಕಡೆಯಿಂದಲೂ ಜನ ಮರಿಗಳನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದರಂತೆ. ಕಿವಿ ಕೊಯ್ಯುವಾಗ ಹೊರಗಿನವರ ದೃಷ್ಟಿ ಬೀಳಬಾರದು ಅನ್ನುವುದು ಮುತ್ಯಾನ ನೇಮ. ಮರಿಯನ್ನು ದಡ್ಡಿಯೊಳಗೆ, ಅಂದರೆ ಮುಳ್ಳುಬೇಲಿ ಕಟ್ಟಿದ ಕುರಿಮನೆಯೊಳಗೆ ಒಯ್ಯುವುದು, ಬಾಗಿಲಿಗೆ ಕಂಬಳಿ ಇಳಿಬಿಡುವುದು, ಸ್ವಲ್ಪ ಹೊತ್ತಿಗೆ ಮರಿಯನ್ನು ಹೊರಗೆ ತಂದು ಕೊಡುವುದು. ಇಷ್ಟನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದಾರೆಂದರೆ, ಕಂಬಳಿಯ ಬಗ್ಗೆ ಯಾರಿಗೂ ಅನುಮಾನವೇ ಬಂದಿರಲಿಲ್ಲ.

ಚಾಕುವಿಗೆ ಸಂಬಂಧಪಟ್ಟ ಹಾಗೆ ನಮ್ಮಲ್ಲಿ ಎರಡು ಕಟ್ಟಳೆ. ಒಂದು, ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ. ಕೊಡುವವರು ನೆಲಕ್ಕೆ ಇಡಬೇಕು, ತೆಗೆದುಕೊಳ್ಳುವವರು ಎತ್ತಿಕೊಳ್ಳಬೇಕು. ಇನ್ನೊಂದು, ತವರಿನ ಚಾಕುವನ್ನು ಹೆಣ್ಣುಮಗಳಿಗೆ ಕೊಡಬಾರದು. ಕೊಟ್ಟರೆ ತವರಿನ ನಂಟು ಕತ್ತರಿಸಿಹೋಗುತ್ತದೆ.

ಈ ಎರಡನೆಯ ಕಟ್ಟಳೆಗೆ ಸಿಕ್ಕಿಕೊಂಡವಳು ನನ್ನ ಸೋದರತ್ತೆ, ಅಪ್ಪನ ಒಬ್ಬಳೇ ತಂಗಿ. ಕಲ್ಲೋಳಿಗೆ ಕೊಟ್ಟ ಮನೆ. ಎಪ್ಪತ್ತರ ಹತ್ತಿರ ಬಂದರೂ ಇವತ್ತಿಗೂ ಮೂವತ್ತು ಕುರಿ ಇಟ್ಟಿದ್ದಾಳೆ. ಮಾತು ಕಡಿಮೆ, ಕೆಲಸ ಜಾಸ್ತಿ. ಬುತ್ತಿ ಕಟ್ಟುವುದರಿಂದ ಹಿಡಿದು ಉಣ್ಣೆ ಕತ್ತರಿಸುವ ತನಕ ಎಲ್ಲಕ್ಕೂ ಎಡಗೈ. ನಮ್ಮ ಕಡೆ ಇಂಥವರಿಗೆ ರೊಡ್ಡಿ ಅನ್ನುತ್ತಾರೆ, ಹಾಗೆ ಅನ್ನುವಾಗ ಸ್ವಲ್ಪ ಮೂಗು ಮುರಿಯುತ್ತಾರೆ. ಆಕೆ ತನ್ನ ಜೀವಮಾನದಲ್ಲಿ ಅಣ್ಣನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಒಂದೇ ವಸ್ತು, ಆ ಚಾಕು. ಮೂರು ಸಲ ಕೇಳಿದ್ದಾಳೆ. ಮೂರು ಸಲವೂ ಅಪ್ಪ ಕಟ್ಟಳೆ ತೋರಿಸಿ ಇಲ್ಲ ಅಂದಿದ್ದಾನೆ. ಮೂರನೇ ಸಲ ನಾನೂ ಅಲ್ಲೇ ಇದ್ದೆ. ನನ್ನ ಬಾಯಿ ಸುಮ್ಮನಿರಬೇಕಲ್ಲ! ಈಗ ಕುರಿಗಳಿಗೆ ಸರ್ಕಾರದವರೇ ಹಳದಿ ಬಿಲ್ಲೆ ಚುಚ್ಚುತ್ತಾರೆ, ನಂಬರ್ ಇರುತ್ತದೆ, ಮುದುಕಿಗೆ ಚಾಕು ಯಾಕೆ ಎಂದು ನಕ್ಕೆ. ಅತ್ತೆ ನನ್ನನ್ನು ನೋಡಿದಳು.

"ನಾ ನಿನ್ನ ಕತ್ತರಿ ಕೇಳಿಲ್ಲಲ್ಲಾ?" ಅಂದಳು. ಅಷ್ಟೇ. ಎದ್ದು ನೀರು ಸೇದಲು ಹೋದಳು.

ಹೋದ ವರ್ಷ ಶ್ರಾವಣದಲ್ಲಿ ಕುಲಗೋಡಕ್ಕೆ ಹೋದಾಗ ಅಪ್ಪ ಟ್ರಂಕಿನಿಂದ ಆ ಚಾಕುವನ್ನು ಹೊರಗೆ ತೆಗೆದ. ತನಗೆ ಕೈ ನಡುಗುತ್ತಿದೆ, ಈ ಸಲ ಖಂಡೇಪೂಜೆಯ ದಿನ ಇದನ್ನು ನಿನ್ನ ತಮ್ಮನಿಗೆ ಒಪ್ಪಿಸಿಬಿಡುತ್ತೇನೆ ಅಂದ. ದಸರೆಯಲ್ಲಿ ಕುಡಗೋಲು, ಕೊಡಲಿಯಿಂದ ಹಿಡಿದು ಟ್ರ್ಯಾಕ್ಟರಿನ ತನಕ ಎಲ್ಲವನ್ನೂ ಪೂಜೆಗೆ ಇಡುತ್ತೇವಲ್ಲ, ಅದೇ ಖಂಡೇಪೂಜೆ. ತಮ್ಮನಿಗೆ ಸಂತೋಷವೇ ಆಯಿತು. ಅವನಿಗೆ ಕುರಿಯ ಗೊಡವೆ ಇಲ್ಲ. ಗೋಕಾಕದಲ್ಲಿ ಗಾಜಿನ ಫ್ರೇಮ್ ಹಾಕಿಸಿ, ಹಿಂದೆ ಕೆಂಪು ಮಖಮಲ್ ಬಟ್ಟೆ ಕೊಟ್ಟು, ಮುತ್ಯಾನ ಫೋಟೋದ ಕೆಳಗೆ ತೂಗುಹಾಕುವ ವಿಚಾರ ಅವನದು. ಮೊಂಡಾದ ಚಾಕು ಪೂಜೆಗೆ ಇಡುವುದು ಸರಿಯಲ್ಲ, ನಿನ್ನ ಕತ್ತರಿಗೆ ಸಾಣೆ ಹಿಡಿಸುವಲ್ಲಿ ಇದನ್ನೂ ಹಿಡಿಸಿಕೊಂಡು ಬಾ ಎಂದು ಅಪ್ಪ ಅದನ್ನು ಹೊಸ್ತಿಲ ಮೇಲೆ ಇಟ್ಟ. ನಾನು ಎತ್ತಿಕೊಂಡೆ. ಅತ್ತೆಗೆ ಈ ಸುದ್ದಿ ಹೇಗೆ ಮುಟ್ಟಿಸುವುದು ಅನ್ನುವ ಅಳುಕು ನನಗಿತ್ತು, ಅಪ್ಪನಿಗೂ ಇದ್ದಿರಬೇಕು. ಇಬ್ಬರೂ ಆ ಮಾತು ಎತ್ತಲಿಲ್ಲ.

ಹುಕ್ಕೇರಿಯಲ್ಲಿ ನನ್ನ ಕತ್ತರಿಗಳಿಗೆ ಸಾಣೆ ಹಿಡಿಯುವ ಚಾಚಾ ಮೂವತ್ತು ವರ್ಷದ ಪರಿಚಯ. ಅವರ ಅಪ್ಪ, ಅಜ್ಜ ಎಲ್ಲರೂ ಇದೇ ಕೆಲಸ. ಈಗ ಚಕ್ರಕ್ಕೆ ಕರೆಂಟ್ ಮೋಟರು ಬಂದಿದೆ, ಆದರೆ ವಸ್ತುವನ್ನು ಚಕ್ರಕ್ಕೆ ಮುಟ್ಟಿಸುವ ಮೊದಲು ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡುವ ಅಭ್ಯಾಸ ಹೋಗಿಲ್ಲ. ನಾನು ಕತ್ತರಿಗಳ ಜೊತೆ ಚಾಕುವನ್ನು ಇಟ್ಟು, ಮುತ್ಯಾನ ಕೈಗುಣದ ಬಗ್ಗೆ ಸ್ವಲ್ಪ ಬಡಾಯಿಯನ್ನೂ ಕೊಚ್ಚಿ, ಎದುರಿನ ಅಂಗಡಿಗೆ ಗುಂಡಿ ತರಲು ಹೋದೆ. ತಿರುಗಿ ಬಂದಾಗ ಕತ್ತರಿಗಳು ಮುಗಿದಿದ್ದವು. ಚಾಕು ಹಾಗೇ ಇತ್ತು.

"ಅಕ್ಕಾರ, ಇದನ್ನ ಯಾವ ಕೈಗಿ ಸಾಣಿ ಹಿಡೀಲಿ ಹೇಳ್ರಿ" ಅಂದರು ಚಾಚಾ.

ಚಾಕುವಿಗೆ ಯಾವ ಕೈ ಏನು ಅಂದೆ. ಹೊಲಿಗೆಯವಳಾಗಿ ನಾನು ಹಾಗೆ ಕೇಳಬಾರದಿತ್ತು. ಕತ್ತರಿಗೆ ಕೈ ಇದೆ ಎಂದು ನನಗೆ ಚೆನ್ನಾಗಿ ಗೊತ್ತು. ನನ್ನ ಹತ್ತಿರ ಕಲಿಯಲು ಬಂದ ಎಡಗೈ ಹುಡುಗಿಯೊಬ್ಬಳು ನನ್ನ ಕತ್ತರಿಯಿಂದ ಬಟ್ಟೆಯನ್ನು ಜಗಿದ ಹಾಗೆ ಮಾಡುತ್ತಿದ್ದಳು. ಚಾಚಾ ನನ್ನನ್ನು ಹತ್ತಿರ ಕರೆದು ತೋರಿಸಿದರು. ಅಲಗಿನ ಒಂದು ಮೈ ಚಪ್ಪಟೆ, ಇನ್ನೊಂದು ಮೈ ಇಳಿಜಾರು. ಬಲಗೈಯವರು ತಿಕ್ಕಿದ್ದರೆ ಇಳಿಜಾರು ಇತ್ತ ಬರಬೇಕಿತ್ತು, ಇಲ್ಲಿ ಅತ್ತ ಬಂದಿದೆ. ಮಡಚುವ ಚಾಕುವಿಗೆ ಉಗುರು ಸಿಕ್ಕಿಸಿ ತೆರೆಯಲು ಒಂದು ಗೆರೆ ಇರುತ್ತದಲ್ಲ, ಆ ಗೆರೆ ಹೊಸದರ ಹಾಗೇ ಇದೆ, ಸವೆದೇ ಇಲ್ಲ. ಅದರ ಬೆನ್ನಿಗೆ, ಅಲಗಿನ ಇನ್ನೊಂದು ಮೈಮೇಲೆ, ಯಾರೋ ಕಾನಸಿನಿಂದ, ಅಂದರೆ ಅರದಿಂದ, ಉಜ್ಜಿ ತಮ್ಮದೇ ಒಂದು ಗೆರೆ ಮಾಡಿಕೊಂಡಿದ್ದಾರೆ. ಆ ಗೆರೆ ಉಗುರು ಬಿದ್ದು ಬಿದ್ದು ನುಣ್ಣಗಾಗಿದೆ. ಹಿಡಿಯಲ್ಲಿ ಹೆಬ್ಬೆರಳು ಒತ್ತಿ ಕುಳಿ ಬಿದ್ದಿದ್ದೂ ಎಡಗೈಗೇ ಹೊಂದುತ್ತದೆ.

"ಇದು ರೊಡ್ಡ ಕೈಯಾಗ ದುಡದ ಚಾಕು ಐತ್ರಿ. ಬಲಗೈಗಿ ಹಿಡದ್ರ ಹಳೇ ಅಲಗೆಲ್ಲಾ ತಿಂದ ಹೋಗತೈತಿ. ನಿಮ್ಮ ಮುತ್ಯಾ ರೊಡ್ಡ ಇದ್ರೇನು?"

ಇರಲಿಲ್ಲ. ಮುತ್ಯಾ ಬಲಗೈಯವನು. ಊಟ, ಬರಹ, ಬಡಿಗೆ ಬೀಸುವುದು ಎಲ್ಲ ಬಲಗೈ. ಅಪ್ಪನೂ ಬಲಗೈಯವನೇ. ಸಾಣೆ ಈಗ ಬೇಡ ಎಂದು ಚಾಕುವನ್ನು ತಿರುಗಿ ಚೀಲಕ್ಕೆ ಹಾಕಿಕೊಂಡು ಬಂದೆ. ಅವತ್ತು ಎರಡು ಬ್ಲೌಸಿನ ತೋಳನ್ನು ಅದಲುಬದಲಾಗಿ ಹೊಲಿದು ಬಿಚ್ಚಿದೆ.

ನೆನಪನ್ನು ಕೆದಕಲು ಕೂತೆ. ಮುತ್ಯಾನ ಕೈಯಲ್ಲಿ ಆ ಚಾಕು ಹೇಗಿರುತ್ತಿತ್ತು? ಅವನ ಅಂಗಿಯ ಕಿಸೆಯಿಂದ ಇಳಿಬಿದ್ದ ಕರಿ ದಾರ ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ದಾರ ಹಿಡಿದು ಎಳೆದು ಚಾಕು ಹೊರಗೆ ತೆಗೆಯುತ್ತಿದ್ದುದೂ ನೆನಪಿದೆ. ನನಗೆ ಕಬ್ಬು ಬೇಕು ಅಂದರೆ ಚಾಕು ತೆಗೆದು ಕಟ್ಟೆಯ ಮೇಲೆ ಇಡುತ್ತಿದ್ದ. ಆಮೇಲೆ? ಆಮೇಲೆ ಆಯಿ, ನಮ್ಮ ಅಜ್ಜಿ, ಅದನ್ನು ಎತ್ತಿಕೊಂಡು ಒಳಗೆ ಹೋಗಿ ಕಬ್ಬು ಸುಲಿದು ತುಂಡು ಮಾಡಿ ತರುತ್ತಿದ್ದಳು. ಎಷ್ಟು ಹುಡುಕಿದರೂ ಮುತ್ಯಾನ ಕೈಯಲ್ಲಿ ಬಿಚ್ಚಿದ ಚಾಕು ನನಗೆ ಸಿಗಲಿಲ್ಲ. ಒಂದು ಸಲವೂ ಇಲ್ಲ.

ಹಾಗಾದರೆ ಆಯಿ ರೊಡ್ಡಿಯೇ? ಆಯಿ ಸತ್ತಾಗ ನನಗೆ ಒಂಬತ್ತು ವರ್ಷ. ರೊಟ್ಟಿ ಬಡಿಯುವಾಗ ಎರಡೂ ಕೈ, ಉಣ್ಣುವಾಗ, ಬಡಿಸುವಾಗ, ದೇವರಿಗೆ ಕುಂಕುಮ ಹಚ್ಚುವಾಗ ಬಲಗೈ. ಆದರೆ ಆಯಿ ಕೈ ಎತ್ತಿದ್ದಳೆಂದರೆ ತಪ್ಪಿಸಿಕೊಳ್ಳುವುದು ಸಾಧ್ಯವಿರಲಿಲ್ಲ, ಮತ್ತು ಆ ಪೆಟ್ಟು ಯಾವಾಗಲೂ ನನ್ನ ಬಲಗೆನ್ನೆಗೇ ಬೀಳುತ್ತಿತ್ತು. ಕನ್ನಡಿಯ ಮುಂದೆ ನಿಂತು ನನ್ನ ಕೆನ್ನೆಯನ್ನು ಮುಟ್ಟಿ ನೋಡಿಕೊಂಡೆ. ಎದುರು ನಿಂತವರು ಬಲಗೈ ಬೀಸಿದರೆ ಏಟು ನನ್ನ ಎಡಗೆನ್ನೆಗೆ ಬೀಳಬೇಕು. ಖಾತ್ರಿ ಮಾಡಿಕೊಳ್ಳಲು ಗಂಡನನ್ನು ಕರೆದು ಎದುರು ನಿಲ್ಲಿಸಿ, ಹೊಡೆಯುವ ಹಾಗೆ ಕೈ ಬೀಸಿ ಅಂದೆ. ಅವರು ಬೀಸಿದರು. ಎಡಗೆನ್ನೆಯ ಹತ್ತಿರ ಬಂದು ನಿಂತಿತು. ಇಷ್ಟು ವರ್ಷದ ಸಂಸಾರದಲ್ಲಿ ಇಂಥದ್ದೊಂದು ಅವಕಾಶ ನೀನಾಗಿಯೇ ಕೊಟ್ಟಿದ್ದು ಇದೇ ಮೊದಲು ಎಂದು ನಕ್ಕು ಹೋದರು. ನನಗೆ ನಗು ಬರಲಿಲ್ಲ. ಆಯಿಯ ಕೈ ಕೋಪದಲ್ಲಿ ಮಾತ್ರ ತನ್ನ ನಿಜ ಬಿಟ್ಟುಕೊಡುತ್ತಿತ್ತು, ಅದನ್ನು ಅಷ್ಟು ಸಲ ತಿಂದರೂ ನನಗೆ ತಿಳಿದಿರಲಿಲ್ಲ.

ಮುಂದಿನ ಭಾನುವಾರವೇ ಕಲ್ಲೋಳಿಗೆ ಹೊರಟೆ. ಗೋಕಾಕದಲ್ಲಿ ಬಸ್ ಬದಲಿಸಬೇಕು. ಅತ್ತೆಗೆಂದು ಕರದಂಟು ಕೊಂಡೆ, ಆಕೆಗೆ ಅಗಿಯಲು ಹಲ್ಲಿಲ್ಲ ಅನ್ನುವುದು ಬಸ್ ಹತ್ತಿದ ಮೇಲೆ ನೆನಪಾಯಿತು.

ಅತ್ತೆ ಅಂಗಳದಲ್ಲಿ ಕೂತು ಒಂದು ಕುರಿಯ ಗೊರಸು ಹೆರೆಯುತ್ತಿದ್ದಳು, ಎಡಗೈಯಲ್ಲಿ ಯಾವುದೋ ಹಳೆಯ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ ಹಿಡಿದು. ಚೀಲದಿಂದ ಚಾಕು ತೆಗೆದು ಆಕೆಯ ಮುಂದೆ ನೆಲಕ್ಕಿಟ್ಟೆ. ಅತ್ತೆ ಕೈಯಲ್ಲಿದ್ದ ಬ್ಲೇಡಿನ ತುಂಡು ಬಿಟ್ಟಳು. ಆಮೇಲೆ ಚಾಕು ಎತ್ತಿಕೊಂಡಳು. ಕಣ್ಣು ನನ್ನ ಮೇಲೇ ಇತ್ತು, ಚಾಕುವಿನ ಮೇಲೆ ಇರಲಿಲ್ಲ. ಹೆಬ್ಬೆರಳು ನೆಟ್ಟಗೆ ಆ ಎರಡನೆಯ ಗೆರೆಗೆ, ಕಾನಸಿನಿಂದ ಉಜ್ಜಿ ಮಾಡಿದ ಗೆರೆಗೆ ಹೋಯಿತು, ಚಾಕು ಕಟ್ ಅಂತ ಬಿಚ್ಚಿಕೊಂಡಿತು. ಚಾಚಾ ಕನ್ನಡಕ ಹಾಕಿಕೊಂಡು ಹುಡುಕಿದ ಗೆರೆ ಅದು.

ನೋಡದೆ ಹೇಗೆ ಬಿಚ್ಚಿದೆ ಎಂದು ಕೇಳಿದೆ. ಮತ್ತೆ ಗೊರಸಿನ ಕಡೆ ಬಗ್ಗಿದಳು. ನಾನು ಬಿಡುವವಳೇ? ಸಾಣೆಯವರು ಹೇಳಿದ್ದು, ಕಬ್ಬಿನ ನೆನಪು, ಬಲಗೆನ್ನೆ, ಎಲ್ಲವನ್ನೂ ಸುರಿದೆ. ಕೊನೆಗೆ ಅತ್ತೆ ಹೇಳಿದಳು. ಆ ಗೆರೆ ಉಜ್ಜಿದ್ದು ಆಯಿ. ಕಂಬಳಿಯ ಒಳಗೆ ಕಿವಿ ಕೊಯ್ಯುತ್ತಿದ್ದವಳು ಆಯಿ. ಮುತ್ಯಾ ಕಣ್ಣು ಮುಚ್ಚಿಕೊಂಡು ಮರಿಯನ್ನು ಹಿಡಿದುಕೊಳ್ಳುತ್ತಿದ್ದ, ಅಷ್ಟೇ. ಅತ್ತೆ ಆಗ ಏಳೆಂಟು ವರ್ಷದವಳು. ಗಾಯಕ್ಕೆ ಅರಿಸಿನ, ಎಣ್ಣೆ ಹಚ್ಚುವುದು ಆಕೆಯ ಕೆಲಸ. ಈಕೆಯ ಕೈಯೂ ಎಡಕ್ಕೇ ಓಡುವುದನ್ನು ಕಂಡು ಆಯಿ ಹೊರಗಿನವರ ಮುಂದೆ ಬಡಿಯುತ್ತಿದ್ದಳಂತೆ, ದಡ್ಡಿಯ ಒಳಗೆ ಅದೇ ಕೈಯಲ್ಲಿ ಚಾಕು ಹಿಡಿಸಿ ಕಲಿಸುತ್ತಿದ್ದಳಂತೆ.

"ಇದನ್ನ ನೀ ಅಪ್ಪಗ ಯಾಕ ಹೇಳಲಿಲ್ಲ, ಅತ್ತಿ? ಮೂರ ಸಲ ಕೇಳಿದ್ಯಲ್ಲಾ" ಅಂದೆ.

"ಅಂವಗೇನ ಹೇಳೂದು? ದಡ್ಡಿ ಬಾಗಲಾ ಕಾಯಾಂವ ಅಂವನ ಇದ್ದ."

ನನಗೆ ಮೈ ಉರಿದುಹೋಯಿತು. ಅಪ್ಪನಿಗೆ ಗೊತ್ತು! ಹೊರಗಿನವರು ಬರದಂತೆ ಕಂಬಳಿಯ ಹೊರಗೆ ಕಾವಲು ನಿಲ್ಲುತ್ತಿದ್ದವನು ಅಪ್ಪನೇ. ಎಲ್ಲ ಗೊತ್ತಿದ್ದೂ ತಂಗಿಗೆ ತನ್ನ ತಾಯಿಯ ಚಾಕು ಇಲ್ಲ ಅಂದ, ಮೇಲೆ ಕಟ್ಟಳೆಯ ನೆವ ಹೇಳಿದ. ಇದಕ್ಕಿಂತ ಹೆಚ್ಚು ಉರಿದದ್ದು ನನ್ನ ಮೇಲೆ. ಬಿಲ್ಲೆ ಬಂದಿದೆ ಎಂದು ನಕ್ಕವಳು ನಾನು. ತಪ್ಪಾಯಿತು ಅಂದೆ. ಅತ್ತೆ ಚಾಕುವನ್ನು ಮಡಚಿ ನೆಲಕ್ಕಿಟ್ಟಳು. ನಿನ್ನ ತಮ್ಮನಿಗೆ ಕೊಡುವುದೆಂದು ಆಗಿದೆಯಂತಲ್ಲ, ಒಯ್ಯಿ ಅಂದಳು. ಸುದ್ದಿ ಆಗಲೇ ಮುಟ್ಟಿತ್ತು. ನನಗೆ ಅದನ್ನು ಎತ್ತಿಕೊಳ್ಳಲು ಕೈ ಬರಲಿಲ್ಲ, ಆದರೂ ಎತ್ತಿಕೊಂಡೆ. ಕದ್ದು ಕೊಟ್ಟದ್ದು ಆಕೆಗೆ ಬೇಕಾಗಿರಲಿಲ್ಲ.

ಹುಕ್ಕೇರಿಗೆ ಬಂದವಳೇ ಚಾಚಾನ ಹತ್ತಿರ ಹೋದೆ. ಯಾರನ್ನೂ ಕೇಳಲಿಲ್ಲ. ಎಡಗೈಗೆ ಹಿಡಿಯಿರಿ ಅಂದೆ. ಅವರು ಚಕ್ರಕ್ಕೆ ಹಾಕಲಿಲ್ಲ; ಅಷ್ಟು ತೆಳುವಾದ ಅಲಗು ಚಕ್ರಕ್ಕೆ ತಾಳುವುದಿಲ್ಲವೆಂದು ಕಲ್ಲಿನ ಮೇಲೆ, ಹಳೆಯ ಇಳಿಜಾರು ಹೇಗಿತ್ತೋ ಹಾಗೇ, ನಿಧಾನವಾಗಿ ತಿಕ್ಕಿ ಕೊಟ್ಟರು.

ಖಂಡೇಪೂಜೆಯ ದಿನ ಮೊದಲ ಬಸ್ಸಿಗೇ ಕುಲಗೋಡಕ್ಕೆ ಹೋದೆ. ಅತ್ತೆ ಹಿಂದಿನ ದಿನವೇ ಬಂದಿದ್ದಳು, ಒಳಗೆ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಆ ಕಟ್ಟಳೆ ಏನೇ ಅನ್ನಲಿ, ಒಂದು ವರ್ಷವೂ ಆಕೆ ತವರಿನ ಹಬ್ಬ ತಪ್ಪಿಸಿದವಳಲ್ಲ. ತಮ್ಮ ಟ್ರ್ಯಾಕ್ಟರು ತೊಳೆಯುತ್ತಿದ್ದ. ಅಪ್ಪ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದ. ಕಾಲ ಬಳಿ ಚಾಕು ಇಟ್ಟೆ.

ಅಪ್ಪ ಎತ್ತಿಕೊಂಡು ಬಿಚ್ಚಿದ, ಹೊಸದರ ಹಾಗಿದ್ದ ಮೊದಲನೇ ಗೆರೆಯಿಂದ. ಹೊರಸಿನ ಸಡಿಲ ಹಗ್ಗದ ಒಂದು ಎಳೆ ಹಿಡಿದು ಬಲಗೈಯಿಂದ ಕೊಯ್ದು ನೋಡಿದ. ಅಲಗು ಜಾರಿತು. ಮತ್ತೊಂದು ಸಲ ಕೊಯ್ದ. ಮತ್ತೆ ಓರೆಗೆ ಹೋಯಿತು. ಆಗ ಅಲಗನ್ನು ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ ನೋಡಿದ. ಬಸ್ಸಿನಲ್ಲಿ ಕೂತು ಜೋಡಿಸಿಕೊಂಡು ಬಂದ ಜಗಳದ ಮಾತುಗಳು ಒಂದೂ ಹೊರಗೆ ಬರಲಿಲ್ಲ.

"ಯಾವ ಕೈಗಿ ಹಿಡಿಸ್ಕೊಂಡ ಬಂದಿ?" ಅಂದ ಅಪ್ಪ.

"ಯಾವ ಕೈದು ಇತ್ತೋ ಆ ಕೈಗಿ."

ಅಪ್ಪ ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಕುಳಿತುಕೋ ಅಂದ. ತಡೆದು ತಡೆದು ಹೇಳಿದ. ಮುತ್ಯಾನಿಗೆ ರಕ್ತ ಕಂಡರೆ ಬವಳಿ ಬರುತ್ತಿತ್ತು. ಆಳೆತ್ತರದ ಮನುಷ್ಯ, ತೋಳ ಬಂದರೆ ಒಬ್ಬನೇ ಬಡಿಗೆ ಹಿಡಿದು ನಿಲ್ಲುವವನು, ಒಂದು ಹನಿ ರಕ್ತಕ್ಕೆ ಕಣ್ಣು ಕತ್ತಲೆಗಟ್ಟಿ ಕೂತುಬಿಡುತ್ತಿದ್ದ. ಕುರುಬನಾಗಿ ಇದನ್ನು ಯಾರಿಗೆ ಹೇಳುವುದು? ಆಯಿ ಚಾಕು ತಾನು ತೆಗೆದುಕೊಂಡಳು. ಅದೂ ಹೆಂಗಸು, ಮೇಲೆ ಎಡಗೈ. ಗೊತ್ತಾದರೆ ಒಬ್ಬರೂ ಮರಿ ತರುತ್ತಿರಲಿಲ್ಲ. ಅದಕ್ಕೇ ಕಂಬಳಿ, ಅದಕ್ಕೇ ದೃಷ್ಟಿಯ ನೇಮ. ಹೊರಗೆ ಬಾಯಿ ಬಿಡುವುದಿಲ್ಲವೆಂದು ಎರಡೂ ಮಕ್ಕಳಿಂದ ಆಯಿ ತನ್ನ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿಕೊಂಡಿದ್ದಳು.

ಆಯಿ ಸತ್ತ ಮೇಲೆ ಮುತ್ಯಾ ಕಣ್ಣು ಮಂಜಾಯಿತು ಎಂದು ಹೇಳಿ ಚಾಕುವನ್ನು ಅಪ್ಪನ ಮುಂದೆ ಇಟ್ಟುಬಿಟ್ಟ. ಅಪ್ಪ ಬಲಗೈಯಿಂದ ಕಿವಿ ಕೊಯ್ದ. ಆಯಿಯ ಕಚ್ಚು ತಲೆಯ ಕಡೆಗೆ ವಾಲುತ್ತಿತ್ತು, ಅಪ್ಪನದು ಕಿವಿಯ ತುದಿಯ ಕಡೆಗೆ ವಾಲಿತು. ಮೇಲಾಗಿ ಆ ಅಲಗು ಅಪ್ಪನ ಕೈಗೆ ಜಾರುತ್ತಿತ್ತು, ಮರಿಗಳು ಅರಚುತ್ತಿದ್ದವು, ಕೆಲವಕ್ಕೆ ಕೀವಾಯಿತು. ಸಂತೆಯಲ್ಲಿ, ಮಾಳದಲ್ಲಿ, ಹಿರಿಯರು ಕಿವಿ ತಿರುಗಿಸಿ ನೋಡಿ ಒಂದೇ ಮಾತು ಹೇಳುತ್ತಿದ್ದರು.

"ಅಪ್ಪನ ಕೈ ನಿನಗ ಬರಲಿಲ್ಲ ಬಿಡು, ಅಂತಿದ್ರು. ಎಷ್ಟ ವರ್ಷ ಅಂದ್ರು. ನುಂಗಿದೆ. ಆಣಿ ಇತ್ತಲ್ಲಾ" ಅಂದ ಅಪ್ಪ.

ಅದಕ್ಕೇ ಆ ಚಾಕುವನ್ನು ಟ್ರಂಕಿಗೆ ಹಾಕಿ, ಗೋಕಾಕದ ಸಂತೆಯಲ್ಲಿ ಬೇರೆ ಚಾಕು ಕೊಂಡ. ನಾವೆಲ್ಲ ಅದನ್ನು ತಂದೆಯ ಮೇಲಿನ ಭಕ್ತಿ ಅಂದುಕೊಂಡಿದ್ದೆವು. ತಂಗಿ ಕೇಳಿದಾಗ ಕೊಡದೇ ಇದ್ದದ್ದಕ್ಕೂ ಇದೇ ಕಾರಣ. ಆಕೆ ಆ ಅಲಗಿನಲ್ಲಿ ಎಡಗೈಯಿಂದ ಒಂದೇ ಒಂದು ಕಿವಿ ಕೊಯ್ದಿದ್ದರೆ ಸಾಕಿತ್ತು, ಕಲ್ಲೋಳಿಯ ಮುದುಕರು ಅದು ಯಾರ ಕಚ್ಚು ಎಂದು ಗುರುತು ಹಿಡಿದುಬಿಡುತ್ತಿದ್ದರು. ಮುತ್ಯಾನ ಹೆಸರು ಮಣ್ಣುಪಾಲಾಗುತ್ತಿತ್ತು. ಕಟ್ಟಳೆಯ ಮಾತು ಬರೀ ನೆವ.

ಅಪ್ಪನ ಮೇಲೆ ಸಿಟ್ಟು ಮಾಡಲು ಬಂದವಳು ನಾನು. ನಲವತ್ತು ವರ್ಷ ಊರವರ ಬಾಯಲ್ಲಿ ಕೈಯಿಲ್ಲದವನು ಅನ್ನಿಸಿಕೊಂಡು, ಒಂದು ಮಾತು ಹೇಳಿದರೆ ಎಲ್ಲ ಮುಗಿಯುತ್ತದೆಂದು ಗೊತ್ತಿದ್ದೂ ಸುಮ್ಮನಿದ್ದ ಮನುಷ್ಯನ ಮುಂದೆ ಕೂತಿದ್ದೆ. ಆದರೂ ಕೇಳಬೇಕಾದ್ದನ್ನು ಕೇಳಿದೆ. ಆ ಕಚ್ಚನ್ನು ಗುರುತು ಹಿಡಿಯುವವರು ಈಗ ಎಷ್ಟು ಜನ ಉಳಿದಿದ್ದಾರೆ ಅಂದೆ.

ಅಪ್ಪ ಬೆರಳು ಮಡಚುತ್ತಾ ಎಣಿಸತೊಡಗಿದ. ಕಲ್ಲೋಳಿಯ ಮೇಟಿ ಮುದುಕ ಹೋದ. ಅವನ ತಮ್ಮ ಹೋದ. ಮಾಳದ ತುದಿಯ ಮನೆಯವನು ಎರಡು ವರ್ಷದ ಹಿಂದೆ ಹೋದ. ಬೆರಳುಗಳು ಎಲ್ಲ ಮಡಚಿಕೊಂಡವು. ಮುಷ್ಟಿಯನ್ನು ನೋಡಿಕೊಳ್ಳುತ್ತಾ ಕೂತ. ಗುರುತು ಹಿಡಿಯುವವರು ಇನ್ನು ಯಾರೂ ಇರಲಿಲ್ಲ, ಆ ಮನೆಯಲ್ಲಿದ್ದ ಅಣ್ಣತಂಗಿಯರಿಬ್ಬರನ್ನು ಬಿಟ್ಟು. ಅಪ್ಪನಿಗೆ ಅದರಿಂದ ಸಮಾಧಾನವಾಯಿತೋ ದುಃಖವಾಯಿತೋ ನನಗೆ ತಿಳಿಯಲಿಲ್ಲ.

ಪೂಜೆ ಆಯಿತು. ಕಂಬಳಿ ಹಾಸಿ ಅದರ ಮೇಲೆ ಕುಡಗೋಲು, ಕೊಡಲಿ, ಉಣ್ಣೆಗತ್ತರಿ, ಮುಂದೆ ಚಾಕು ಇಟ್ಟಿದ್ದರು. ತಮ್ಮ ಸ್ನಾನ ಮಾಡಿ ಹೊಸ ಅಂಗಿ ಹಾಕಿಕೊಂಡು ಬಂದು ನಿಂತ. ತಮ್ಮನ ಹೆಂಡತಿ ಆರತಿ ಹಿಡಿದುಕೊಂಡಿದ್ದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಹೂರಣದ ಕೈಯಲ್ಲೇ ನಿಂತಿದ್ದಳು, ಹೊರಗೆ ಬಂದಿರಲಿಲ್ಲ. ಅಪ್ಪ ಭಂಡಾರದ ಅರಿಸಿನ ಹಚ್ಚಿ, ಕಾಯಿ ಒಡೆದು, ಚಾಕುವನ್ನು ಎತ್ತಿಕೊಂಡ. ತಮ್ಮ ಬಗ್ಗಿದ. ಅಪ್ಪ ಅವನನ್ನು ದಾಟಿಕೊಂಡು ಅಡುಗೆಮನೆಯ ಕಡೆ ನಡೆದ. ಅತ್ತೆಯ ಕಾಲ ಬಳಿ, ಹೊಸ್ತಿಲ ಈಚೆಗೆ, ಚಾಕುವನ್ನು ನೆಲಕ್ಕಿಟ್ಟು ಮುಖ ತಿರುಗಿಸಿ ನಿಂತುಕೊಂಡ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡಳು. ಒರೆಸಿಕೊಂಡೇ ಇದ್ದಳು. ಆಮೇಲೆ ಬಗ್ಗಿ, ಎಡಗೈಯಿಂದ, ಎತ್ತಿಕೊಂಡಳು.

ತವರಿನ ಚಾಕು ಹೆಣ್ಣುಮಕ್ಕಳಿಗೆ ಕೊಡಬಾರದಲ್ಲ ಎಂದು ತಮ್ಮನ ಹೆಂಡತಿ ಮೆಲ್ಲಗೆ ಕೇಳಿದಳು. ಅವಳ ತಪ್ಪಲ್ಲ, ನಾವೇ ಹೇಳಿಕೊಟ್ಟ ಮಾತು.

"ನಾ ಎಲ್ಲಿ ಕೊಟ್ಟೇನಿ? ಅವ್ವಂದ ಇತ್ತು, ಮಗಳ ತಗೊಂಡಾಳ" ಅಂದ ಅಪ್ಪ.

ತಮ್ಮನಿಗೆ ಆಮೇಲೆ ಎಲ್ಲ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡ. ಫ್ರೇಮಿನವನಿಗೆ ಅಳತೆ ಕೊಟ್ಟು ಬಂದಿದ್ದನಂತೆ. ಈಗ ಆ ಫ್ರೇಮಿನಲ್ಲಿ ಆಯಿಯ ಫೋಟೋ ಹಾಕಿಸು ಅಂದರೆ, ಆಯಿಯದು ಒಂದೂ ಫೋಟೋ ಇಲ್ಲವಲ್ಲ ಅಂದ. ಖರೆ, ಇರಲಿಲ್ಲ.

ಊಟವಾದ ಮೇಲೆ ಅಪ್ಪ ಎದ್ದು ದಡ್ಡಿಯ ಕಡೆ ಹೋದ. ಹದಿನೈದು ದಿನದ ಒಂದು ಮರಿ ಇತ್ತು, ಇನ್ನೂ ಬಿಲ್ಲೆ ಚುಚ್ಚಿರಲಿಲ್ಲ. ತಮ್ಮ ಮುನಿಸು ಮರೆತು ಮರಿ ಹಿಡಿಯಲು ಮುಂದೆ ಬಂದ. ಬೇಡ, ನಾನೇ ಹಿಡಿಯುತ್ತೇನೆ ಅಂದ ಅಪ್ಪ. ನಡುಗುವ ಕೈಯಲ್ಲೇ ಮರಿಯನ್ನು ತೊಡೆಗೆ ಒತ್ತಿ ಹಿಡಿದು ಕೂತ. ಅತ್ತೆ ಎದುರಿಗೆ ಕೂತಳು. ನಾನು ಬೇಕೆಂದೇ ಹೋಗಿ ದಡ್ಡಿಯ ಬಾಗಿಲಲ್ಲಿ ನಿಂತುಕೊಂಡೆ, ಅಪ್ಪ ನಿಲ್ಲುತ್ತಿದ್ದ ಜಾಗ ಅದು. ಕಂಬಳಿ ಇರಲಿಲ್ಲ. ಪಕ್ಕದ ಮನೆಯವರು, ಟ್ರ್ಯಾಕ್ಟರಿನ ಪೂಜೆಗೆ ಬಂದವರು, ಓಣಿಯಲ್ಲಿ ಹೋಗುತ್ತಿದ್ದವರು, ಎಲ್ಲರಿಗೂ ಕಾಣುತ್ತಿತ್ತು. ಯಾರೋ ಒಬ್ಬರು, ಈ ಮುದುಕಿ ಯಾಕೆ ಎಡಗೈಯಲ್ಲಿ ಹಿಡಿದಿದ್ದಾಳೆ ಅಂದರು.

ಎರಡು ಕಚ್ಚು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಯಿತು. ಮರಿ ಅರಚಲೇ ಇಲ್ಲ, ಕಿವಿ ಒಂದು ಸಲ ಕೊಡವಿತು ಅಷ್ಟೇ. ಅತ್ತೆ ಅರಿಸಿನ ಒತ್ತಿದಳು. ಅಪ್ಪ ಮರಿಯನ್ನು ಬಿಡಲಿಲ್ಲ. ಆ ಕಿವಿಯನ್ನು ಬೆರಳ ಮೇಲೆ ಹರಡಿಕೊಂಡು, ತಲೆಯ ಕಡೆಗೆ ವಾಲಿದ ಆ ಎರಡು ಕಚ್ಚನ್ನು ನೋಡಿದ. ಆಮೇಲೆ ತಲೆ ಎತ್ತಿ, ಬಾಗಿಲ ಹೊರಗೆ ನಿಂತಿದ್ದ ಎಲ್ಲರಿಗೂ ಕೇಳಿಸುವ ಹಾಗೆ, ಗಟ್ಟಿ ದನಿಯಲ್ಲಿ ಹೇಳಿದ.

"ನೋಡ್ರಿ. ನಮ್ಮವ್ವನ ಕೈ ಇದು."